ಸಿಕ್ಕಿದ್ದು

ಹನ್ನೊಂದು ಜನ ಟೀಚರುಗಳು ನಾವು, ಬೋಳು ಗುಡ್ಡದ ಮೇಲೆ
ಮಂಡಿಯೂರಿದ್ದೇವೆ. ನಮ್ಮ ಮಕ್ಕಳು ನೋಡಿದ್ದರೆ
ವಾರವಿಡೀ ನಗುತ್ತಿದ್ದವು.

ಜೂನ್ ತಿಂಗಳು, ರಜೆ. ಅರಗಾತ್ಸ್ ಬೆಟ್ಟಕ್ಕೆ ಇನ್ನೂ
ಮೂತಿಗೆ ಮೆತ್ತಿದ ಮೊಸರಿನಂಥ ಹಿಮ.
ಇಲಾಖೆಯ ಸುತ್ತೋಲೆಯಲ್ಲಿ ‘ಉತ್ಖನನ, ಪ್ರಾಯೋಗಿಕ ತರಬೇತಿ’ ಎಂದಿತ್ತು,
ಟೋಪಿ ತನ್ನಿ ಎಂದಿತ್ತು,
ಮಂಡಿಯ ವಿಷಯ ಒಂದಕ್ಷರ ಇರಲಿಲ್ಲ.

ಕಲಿಸುವವಳು ನಮ್ಮ ಶುಶಾನ್. ಏಳನೇ ಕ್ಲಾಸಿನಲ್ಲಿ
ಕೊನೇ ಬೆಂಚಲ್ಲಿ ಕೂತು, ಕೈವಾರದ ಮೊನೆಯಿಂದ
ಡೆಸ್ಕಿನ ಹಸಿರು ಕೆರೆದು, ಅದರಡಿಯ ನೀಲಿ ಕೆರೆದು,
ಅದರಡಿಯ ಮರ ಮುಟ್ಟಿದ್ದಕ್ಕೆ
ನಾನೇ ಅವಳನ್ನು ಹೊರಗೆ ನಿಲ್ಲಿಸಿದ್ದೆ.
ಈಗ ನನ್ನ ಕೈಗೆ ಕರಣೆ ಕೊಟ್ಟು ಹೇಳುತ್ತಾಳೆ:
ಚುಚ್ಚಬೇಡಿ ಟೀಚರ್. ಕೆರೆಯಿರಿ.

ಮಣ್ಣಿಗೆ ಬಣ್ಣವಿದೆ, ಬಣ್ಣಕ್ಕೊಂದು ಪುಸ್ತಕವಿದೆ.
ಪುಸ್ತಕದ ಕಿಂಡಿಗೆ ಚಿಟಿಕೆ ಮಣ್ಣು ಹಿಡಿದು
ಹೊಂದುವ ನಂಬರು ಹುಡುಕಬೇಕು.
ಗಣಿತದ ವಾರ್ದ್ಗೆಸ್‌ಗೆ ಪರಮಾನಂದ.
ನ್ವಾರ್ದ್ ಒಪ್ಪುವುದಿಲ್ಲ: ಇದು ಸೀದ ರೊಟ್ಟಿ,
ಇದು ನಿನ್ನೆಯ ಕಾಫಿ ಚರಟ, ಇದಕ್ಕೆಲ್ಲ ನಂಬರು ಯಾಕೆ?

ಅರ್ಪೆನಿಕ್ ಸ್ಪಿತಾಕಿನವಳು. ಒಂದನೇ ಕ್ಲಾಸಿಗೆ ಅಕ್ಷರ ತಿದ್ದಿಸುವವಳು.
ನಮ್ಮೆಲ್ಲರಿಗಿಂತ ವೇಗ. ನಿಧಾನ, ನಿಧಾನ ಎಂದು
ಶುಶಾನ್ ಮೂರು ಸಲ ಹೇಳಿದಳು.
ಅವಳು ಹೂಂ ಅನ್ನುವಳು, ಕೈ ಕೇಳದು.
ಎರಡನೆಯ ದಿನ ನೋಡುತ್ತೇನೆ, ಕರಣೆ ಬದಿಗೆ ಬಿದ್ದಿದೆ,
ಉಗುರಿನಲ್ಲಿ ತೋಡುತ್ತಿದ್ದಾಳೆ.
ನಾವ್ಯಾರೂ ಕೇಳಲಿಲ್ಲ. ನಮ್ಮ ಕಡೆ
ಐವತ್ತು ದಾಟಿದವರನ್ನು
ಆ ಡಿಸೆಂಬರಿನ ಬಗ್ಗೆ ಕೇಳುವ ರೂಢಿಯಿಲ್ಲ.

ಐದನೆಯ ಚೌಕದಲ್ಲಿ ಗೋಡೆ ಸಿಕ್ಕಿತು.
ಅಂದರೆ, ಗೋಡೆಯಾಗಿದ್ದದ್ದು.
ಕಲ್ಲುಗಳೆಲ್ಲ ಒಂದೇ ದಿಕ್ಕಿಗೆ ಬಿದ್ದಿದ್ದವು,
ಬೆಳಗಿನ ಸಾಲಿನಲ್ಲಿ ನಿಂತ ಮಕ್ಕಳು ಒಮ್ಮೆಗೇ—
ಬೇಡ. ಕಲ್ಲುಗಳ ಹಾಗೆ, ಕಲ್ಲುಗಳು.
ನೆಲ ನಡುಗಿರಬೇಕು, ಎಂದಳು ಶುಶಾನ್,
ಎರಡೂವರೆ ಸಾವಿರ ವರ್ಷದ ಹಿಂದೆ, ಅಂದಾಜು.
ಅಂದಾಜು ಎಂಬುದನ್ನು ಎರಡು ಸಲ ಹೇಳಿದಳು,
ಕಣ್ಣು ಮಾತ್ರ ಅರ್ಪೆನಿಕ್ ಮೇಲೆ.

‘ಒಳಗೆ ಯಾರಿದ್ದರು?’

ಗೊತ್ತಿಲ್ಲ ಟೀಚರ್, ಎತ್ತಿ ನೋಡಬೇಕು.
ಮೊದಲು ಚಿತ್ರ ಬರೆಯಬೇಕು, ನಂಬರು ಹಾಕಬೇಕು.

ಎರಡು ದಿನ ಎತ್ತಿದೆವು. ಒಂದೊಂದು ಕಲ್ಲಿಗೆ
ಒಂದೊಂದು ಚೀಟಿ, ಒಂದೊಂದು ಫೋಟೊ.
ಪ್ರತಿಯೊಂದನ್ನೂ ಎತ್ತುವ ಮೊದಲು ಅರ್ಪೆನಿಕ್
ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ
ಸುಮ್ಮನೆ ಕೂರುತ್ತಿದ್ದಳು.
ಮೊದಮೊದಲು ನಮಗೆ ಅರ್ಥವಾಗಲಿಲ್ಲ.
ಆಮೇಲೆ ವಾರ್ದ್ಗೆಸ್ ಕೂಡ ಮಾತು ನಿಲ್ಲಿಸುತ್ತಿದ್ದ.
ಜರಡಿ ಹಿಡಿದವರು ಜರಡಿ ನಿಲ್ಲಿಸುತ್ತಿದ್ದರು.
ಗಾಳಿ ಮಾತ್ರ, ಅದಕ್ಕೆ ಯಾರು ಹೇಳುವುದು.

ಕೆಳಗೆ ನೆಲ. ಗುಡಿಸಿಟ್ಟಂತಿದ್ದ ಜೇಡಿನೆಲ.
ಹೂತಿಟ್ಟ ತೊನಿರ್ ಒಲೆ, ಬಾಯಿ ಸೀಳಿದ್ದು.
ಒಡೆದ ಮಡಕೆ. ಅದರೊಳಗೆ ಕರಿಕಾದ
ಜರದಾಳು ಬೀಜ, ಹದಿನಾಲ್ಕು.
ಮೂಳೆಯಿಲ್ಲ. ಹಲ್ಲಿಲ್ಲ.
ಮೂಲೆಮೂಲೆ ಬ್ರಷ್ಷಿನಲ್ಲಿ ಸವರಿದೆವು, ಇಲ್ಲ.

ಹೊರಗೆ ಹೋಗಿದ್ದರು ಅಂತ ಕಾಣುತ್ತೆ, ಎಂದಳು ಶುಶಾನ್.
ಹೊಲಕ್ಕೋ, ನೀರಿಗೋ.

ಅರ್ಪೆನಿಕ್ ಆಗ ಕೂತಳು. ಮಣ್ಣಿನ ದಿಬ್ಬದ ಮೇಲೆ
ಕಾಲು ನೀಡಿ ಕೂತು, ಫಾರಂ ತುಂಬಿದಳು,
ಒಂದನೇ ಕ್ಲಾಸಿನ ದುಂಡು ಅಕ್ಷರದಲ್ಲಿ.
ಚೌಕ: ಐದು. ಆಳ: ತೊಂಬತ್ತೆರಡು.
ಮಡಕೆ: ಒಂದು. ಬೀಜ: ಹದಿನಾಲ್ಕು.
ಮೂಳೆಯ ಕಲಮ್ಮಿನಲ್ಲಿ:
ಯಾರೂ ಇಲ್ಲ.

ಶುಶಾನ್ ಓದಿದಳು. ಪೆನ್ಸಿಲ್ ಎತ್ತಿದಳು,
‘ಟೀಚರ್, ಇಲ್ಲಿ ಏನೂ ಇಲ್ಲ ಅಂತ—’
ಪೆನ್ಸಿಲ್ ಅಲ್ಲೇ ತುಸು ಹೊತ್ತು ನಿಂತಿತು.
ಆಮೇಲೆ ಕೆಳಗೆ ಸಹಿ ಹಾಕಿದಳು.

ವಾಪಸು ಬಸ್ಸಿನಲ್ಲಿ ನ್ವಾರ್ದ್ ಜರದಾಳು ಹಂಚಿದಳು,
ತಮ್ಮ ಮರದವು, ಈ ವರ್ಷದವು, ಸ್ವಲ್ಪ ಹುಳಿ.
ಅರ್ಪೆನಿಕ್ ಮೂರು ತಿಂದು ಇನ್ನೊಂದಕ್ಕೆ ಕೈ ಚಾಚಿದಳು.
ಉಗುರಿನ ಸಂದಿಯಲ್ಲಿ ಐದನೆಯ ಚೌಕದ ಮಣ್ಣು.
ಅದರ ನಂಬರು ನನಗೆ ನೆನಪಿಲ್ಲ,
ನಿನ್ನೆಯ ಕಾಫಿ ಚರಟ.